ಪೊರೆ ಹಣ್ಣಾಗಲಿ ಎಂದು ಕಾದ ಕಣ್ಣು

ಅಪ್ಪ ಬೆಳಗಿನ ಪೇಪರ್ ಓದುವುದನ್ನು ಒಂದು ದಿನವೂ ತಪ್ಪಿಸಿದವರಲ್ಲ. ಕೊಬ್ಬರಿ ಧಾರಣೆಯ ಸಣ್ಣ ಅಕ್ಷರವನ್ನೂ ಕನ್ನಡಕ ಏರಿಸಿಕೊಂಡು ಸಲೀಸಾಗಿ ಓದುತ್ತಿದ್ದರು. ಅದೇ ಅಪ್ಪ ನಡುಮನೆಯಿಂದ ಹಿತ್ತಿಲಿಗೆ ಹೋಗುವಾಗ ಎಡಗಡೆಯ ಬಾಗಿಲವಾಡಕ್ಕೆ ಹೆಗಲು ತಾಗಿಸಿಕೊಳ್ಳುತ್ತಿದ್ದರು. ತೋಟದ ಬದುವಿನ ಮೇಲೆ ಎರಡು ಸಲ ಎಡವಿ ಬಿದ್ದರು. ಊಟಕ್ಕೆ ಕೂತಾಗ ಎಡಕ್ಕಿಟ್ಟ ನೀರಿನ ಲೋಟ ಕೈತಾಗಿ ಉರುಳುತ್ತಿತ್ತು. ವಯಸ್ಸಾಯಿತು ಎಂದು ಅವರೂ ಅಂದುಕೊಂಡರು, ನಾವೂ ಅಂದುಕೊಂಡೆವು.

ಅರಸೀಕೆರೆ ಸೀಮೆಯ ನಮ್ಮೂರಿನ ಹತ್ತಿರ ನಡೆದ ಒಂದು ತಪಾಸಣೆಯಲ್ಲಿ ಟಾರ್ಚ್ ಬಿಟ್ಟು ನೋಡಿದವರು, "ಪೊರೆ ಬರ್ತಾ ಇದೆ ಯಜಮಾನ್ರೇ, ಇನ್ನೂ ಹಣ್ಣಾಗಿಲ್ಲ. ಹಣ್ಣಾದ ಮೇಲೆ ಆಪರೇಷನ್ ಮಾಡಿಸಿ" ಎಂದು ಕಳಿಸಿದರು. ಕಾಯಿ ಬಲಿಯುವುದನ್ನು ಜೀವಮಾನವಿಡೀ ಕಾದ ಮನುಷ್ಯನಿಗೆ ಅದು ನ್ಯಾಯವಾದ ಮಾತಾಗಿಯೇ ಕೇಳಿಸಿತು. ಎರಡು ವರ್ಷ ಕಾದರು. ಕೊನೆಗೆ ಬೆಂಗಳೂರಿಗೆ ಕರೆತಂದಾಗ ವೈದ್ಯೆ ಬಹಳ ಹೊತ್ತು ನೋಡಿ, ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೂತರು. "ಪೊರೆ ಸ್ವಲ್ಪ ಇದೆ ಅಪ್ಪಾ, ಆದ್ರೆ ನಿಮ್ಮ ತೊಂದರೆ ಅದಲ್ಲ. ಗ್ಲಾಕೋಮಾ. ಎಡಗಣ್ಣಿನ ನರ ಬಹುಪಾಲು ಹೋಗಿದೆ." ಅಪ್ಪ ಕೇಳಿದ್ದು ಒಂದೇ: "ಆಪರೇಷನ್ ಮಾಡಿದ್ರೆ ಬರುತ್ತಾ?" ಹೋದದ್ದು ಬರುವುದಿಲ್ಲ, ಉಳಿದಿರುವುದನ್ನು ಉಳಿಸಿಕೊಳ್ಳೋಣ ಎಂದರು ಆಕೆ.

ಆ ದಿನದಿಂದ ಈ ಕಾಯಿಲೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ. ಓದಿದಷ್ಟೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಅಂಕಿ. ಕಣ್ಣಿನೊಳಗಿನ ಒತ್ತಡವನ್ನು ಒಂದು ಅಂಕಿಯಲ್ಲಿ ಹಿಡಿಯಲು ಮನುಷ್ಯ ಪಟ್ಟ ಪಾಡು ಒಂದು ಕಡೆ. ಹಿಡಿದ ಮೇಲೆ ಆ ಅಂಕಿಯನ್ನು ಎಷ್ಟು ನಂಬಬೇಕು ಎಂದು ಕಲಿಯಲು ಪಟ್ಟ ಪಾಡು ಇನ್ನೊಂದು ಕಡೆ.

ನಮ್ಮ ಸೀಮೆಯವರಿಗೆ ಇದನ್ನು ಕೆರೆಯ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ಕಣ್ಣಿನ ಮುಂಭಾಗದಲ್ಲಿ ಸದಾ ಒಂದು ತಿಳಿನೀರು ಊರುತ್ತಿರುತ್ತದೆ. ಇದು ಕಣ್ಣೀರಲ್ಲ. ಗುಡ್ಡೆಯ ಒಳಗೇ ಹುಟ್ಟಿ ಒಳಗೇ ಹರಿದು ರಕ್ತಕ್ಕೆ ಸೇರುವ ನೀರು. ನಿಮಿಷಕ್ಕೆ ಎರಡು, ಎರಡೂವರೆ ಮೈಕ್ರೋಲೀಟರ್ ಊರುತ್ತದೆ. ಕರಿಗುಡ್ಡೆಯ ಅಂಚಿನಲ್ಲಿರುವ ಜರಡಿಯಂಥ ಅಂಗಾಂಶದ ಮೂಲಕ ಅಷ್ಟೇ ನೀರು ಹೊರಗೂ ಹೋಗುತ್ತದೆ. ಬರುವ ನೀರು ಬರುತ್ತಲೇ ಇದ್ದು ತೂಬಿಗೆ ಹೂಳು ತುಂಬಿಕೊಂಡರೆ ಕೆರೆ ಏರಿಯ ಮೇಲೆ ಭಾರ ಹೆಚ್ಚುತ್ತದಲ್ಲ, ಹಾಗೆ. ಕಣ್ಣಿನಲ್ಲಿ ಆ ಭಾರ ಬೀಳುವುದು ಹಿಂಬದಿಯಲ್ಲಿ, ಹತ್ತು–ಹನ್ನೆರಡು ಲಕ್ಷ ನರದೆಳೆಗಳು ಒಟ್ಟಾಗಿ ಮಿದುಳಿನ ಕಡೆ ಹೊರಡುವ ಬಾಗಿಲಲ್ಲಿ. ಎಳೆಗಳು ಒಂದೊಂದಾಗಿ ಸಾಯುತ್ತವೆ. ಸತ್ತದ್ದು ಮತ್ತೆ ಚಿಗುರುವುದಿಲ್ಲ.

ಸಾಯುವ ಕ್ರಮವೂ ಮೋಸದ್ದು. ಮೊದಲು ಅಂಚಿನ ನೋಟ ಹೋಗುತ್ತದೆ, ನಡುವಿನ ನೋಟ ಕಡೆಯವರೆಗೂ ಉಳಿಯುತ್ತದೆ. ಒಂದು ಕಣ್ಣಿಗೆ ಕಾಣದ್ದನ್ನು ಇನ್ನೊಂದು ತುಂಬಿಕೊಡುತ್ತದೆ, ಎರಡಕ್ಕೂ ಕಾಣದ್ದನ್ನು ಮಿದುಳು ತಾನೇ ಊಹಿಸಿ ಮುಚ್ಚುತ್ತದೆ. ಆದ್ದರಿಂದಲೇ ಅಪ್ಪನಿಗೆ ಕೊಬ್ಬರಿ ಧಾರಣೆ ಕಾಣುತ್ತಿತ್ತು, ಬಾಗಿಲವಾಡ ಕಾಣುತ್ತಿರಲಿಲ್ಲ.

ನೋವಿನ ಗ್ಲಾಕೋಮಾ ಹಿಂದಿನವರಿಗೂ ಗೊತ್ತಿತ್ತು. ಆ ಜರಡಿ ಇರುವ ಕೋನ ತಟ್ಟನೆ ಮುಚ್ಚಿಕೊಂಡು ಒತ್ತಡ ಏಕಾಏಕಿ ಏರಿದರೆ ತಲೆ ಸಿಡಿಯುತ್ತದೆ, ವಾಂತಿಯಾಗುತ್ತದೆ, ದೀಪದ ಸುತ್ತ ಬಣ್ಣದ ಬಳೆ ಕಾಣುತ್ತದೆ. ಸುಶ್ರುತ ಸಂಹಿತೆಯಲ್ಲಿ ಅಧಿಮಂಥ ಎಂಬ ರೋಗವಿದೆ. ಕಣ್ಣನ್ನು ಕಡೆಗೋಲಿನಿಂದ ಕಡೆದಂಥ, ಅರ್ಧ ತಲೆಗೆ ಹಬ್ಬುವ ನೋವು ಅದು. ಅದು ಇದೇ ಇರಬೇಕೆಂದು ಅನೇಕರು ಹೇಳುತ್ತಾರೆ. 1857ರಲ್ಲಿ ಬರ್ಲಿನ್ನಿನ ಆಲ್ಬ್ರೆಕ್ಟ್ ಫಾನ್ ಗ್ರೇಫೆ ಕರಿಗುಡ್ಡೆಯ ಒಂದು ಚೂರು ಕತ್ತರಿಸಿ ತೆಗೆದು ಇಂಥ ಕಣ್ಣುಗಳನ್ನು ಉಳಿಸಬಹುದು ಎಂದು ತೋರಿಸಿಕೊಟ್ಟ. ಅಪ್ಪನಿಗೆ ಬಂದದ್ದು ಮಾತಾಡದ ಬಗೆಯದು. ಅದನ್ನು ಹಿಡಿಯಬೇಕಾದರೆ ಅಳೆಯಬೇಕಿತ್ತು.

ಮೊದಲ ಅಳತೆಗೋಲು ಬೆರಳು. ಮಾವು ಹಣ್ಣಾಗಿದೆಯೇ ಎಂದು ಒತ್ತಿ ನೋಡುವ ಹಾಗೆ, ರೋಗಿ ಕೆಳಗೆ ನೋಡುವಾಗ ಮೇಲಿನ ರೆಪ್ಪೆಯ ಮೇಲೆ ಎರಡೂ ತೋರುಬೆರಳಿಟ್ಟು ಕಣ್ಣು ಎಷ್ಟು ಗಟ್ಟಿ ಎಂದು ವೈದ್ಯ ಅಂದಾಜು ಕಟ್ಟುತ್ತಿದ್ದ. ಲಂಡನ್ನಿನ ವಿಲಿಯಂ ಬೌಮನ್ ಈ ಅಂದಾಜಿಗೂ ದರ್ಜೆಗಳನ್ನು ಮಾಡಿದ್ದ. ಉಪಕರಣವನ್ನು ನೇರವಾಗಿ ಕಣ್ಣಿಗೆ ತಾಗಿಸೋಣ ಎಂದರೆ ಯಾರು ತಡೆದುಕೊಂಡಾರು? ಆ ಅಡ್ಡಿಯನ್ನು ತೆಗೆದವನು ವಿಯೆನ್ನಾದ ಕಾರ್ಲ್ ಕೋಲರ್. 1884ರಲ್ಲಿ, ಕೊಕೇನಿನ ಹನಿ ಬಿಟ್ಟರೆ ಕಣ್ಣಿನ ಮೇಲ್ಮೈ ಮರಗಟ್ಟುತ್ತದೆ ಎಂದು ಆತ ಕಂಡುಕೊಂಡ. ಮರುವರ್ಷವೇ ರಷ್ಯಾದ ಮಕ್ಲಾಕೋವ್ ತನ್ನ ಉಪಕರಣ ತಂದ. ಮಲಗಿದ ರೋಗಿಯ ಕಣ್ಣಿನ ಮೇಲೆ ಶಾಯಿ ಹಚ್ಚಿದ ಒಂದು ಪುಟ್ಟ ತೂಕ ಇಡುವುದು, ಕಣ್ಣು ತಾಗಿ ಶಾಯಿ ಹೋದ ಜಾಗವನ್ನು ಕಾಗದಕ್ಕೆ ಒತ್ತಿ ಆ ಬಿಳಿಯ ವೃತ್ತವನ್ನು ಅಳೆಯುವುದು. ಕಣ್ಣು ಮೆತ್ತಗಿದ್ದರೆ ವೃತ್ತ ದೊಡ್ಡದು, ಗಟ್ಟಿಯಾಗಿದ್ದರೆ ಚಿಕ್ಕದು. ಎಷ್ಟು ಸರಳ!

1905ರಲ್ಲಿ ನಾರ್ವೆಯ ಯಾಲ್ಮರ್ ಶೊಟ್ಸ್ ಮಾಡಿದ ಉಪಕರಣ ಕಣ್ಣನ್ನು ಸಣ್ಣ ಕಡ್ಡಿಯಿಂದ ಒತ್ತಿ, ಎಷ್ಟು ತಗ್ಗಿತು ಎಂದು ಮುಳ್ಳಿನಲ್ಲಿ ತೋರಿಸುತ್ತಿತ್ತು. ಕರೆಂಟು ಬೇಡ, ಜೇಬಿನಲ್ಲಿ ಹಿಡಿಯುವ ಡಬ್ಬಿ ಸಾಕು. ನಮ್ಮ ಕಣ್ಣಿನ ಶಿಬಿರಗಳಲ್ಲಿ, ಜಿಲ್ಲಾ ಆಸ್ಪತ್ರೆಗಳಲ್ಲಿ ಬಹುಕಾಲ ದುಡಿದದ್ದು ಇದೇ. ಒಂದು ಕುಂದು ಮಾತ್ರ ಉಳಿದಿತ್ತು. ಒತ್ತಿದಾಗ ಒಳಗಿನ ನೀರೇ ಜರುಗಿ, ಅಳೆಯಲು ಹೋದ ಒತ್ತಡವೇ ಬದಲಾಗುತ್ತಿತ್ತು.

ಈ ಸಾಲಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಹಾನ್ಸ್ ಗೋಲ್ಡ್‌ಮನ್ 1950ರ ದಶಕದ ನಡುವಿನಲ್ಲಿ ಮಾಡಿದ ಕೆಲಸ. ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾವನ್ನು ಗುಳಿ ಬೀಳುವಷ್ಟು ಒತ್ತದೆ, ಒಂದು ಚೂರು ಜಾಗವನ್ನು ಚಪ್ಪಟೆ ಮಾಡಲು ಎಷ್ಟು ಬಲ ಬೇಕು ಎಂದು ಆತ ಕೇಳಿದ. ಆದರೆ ಅಲ್ಲಿ ಎರಡು ಕೀಟಲೆಗಳಿವೆ. ಕಾರ್ನಿಯಾ ತನ್ನ ಬಿಗುವಿನಿಂದ ಉಪಕರಣವನ್ನು ಹೊರಕ್ಕೆ ತಳ್ಳುತ್ತದೆ. ಕಣ್ಣಿನ ಮೇಲಿನ ಕಣ್ಣೀರ ಪದರ ಅದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಚಪ್ಪಟೆ ಮಾಡುವ ವೃತ್ತದ ಅಡ್ಡಳತೆ 3.06 ಮಿಲಿಮೀಟರ್ ಆದರೆ ಈ ತಳ್ಳುವುದೂ ಎಳೆಯುವುದೂ ಒಂದಕ್ಕೊಂದು ಸರಿಹೋಗುತ್ತವೆ ಎಂದು ಗೋಲ್ಡ್‌ಮನ್ ಲೆಕ್ಕ ಹಾಕಿದ. ಆ ಅಳತೆಯಲ್ಲಿ ಒಂದು ಗ್ರಾಂ ಬಲ ಎಂದರೆ ಪಾದರಸದ ಹತ್ತು ಮಿಲಿಮೀಟರ್ ಒತ್ತಡ. ಗುಣಾಕಾರದ ಗೋಜೂ ಇಲ್ಲ.

ಅಪ್ಪನ ಕಣ್ಣನ್ನು ನೋಡಿದ್ದೂ ಹೀಗೆಯೇ. ಮರಗಟ್ಟಿಸುವ ಹನಿ, ಅದರ ಮೇಲೆ ಹಳದಿ ಬಣ್ಣ, ನೀಲಿ ಬೆಳಕು. ಆ ಬೆಳಕಿನಲ್ಲಿ ವೈದ್ಯೆಗೆ ಎರಡು ಹಸಿರು ಅರ್ಧವೃತ್ತಗಳು ಕಾಣುತ್ತವೆ. ತಿರುಗಣೆ ತಿರುಗಿಸುತ್ತ ಹೋಗಿ ಎರಡರ ಒಳಅಂಚುಗಳು ಒಂದನ್ನೊಂದು ಮುಟ್ಟಿದಾಗ ನಿಲ್ಲಿಸಿ ಅಂಕಿ ಓದುತ್ತಾರೆ. ಎಡಗಣ್ಣಿಗೆ 34, ಬಲಗಣ್ಣಿಗೆ 28 ಬಂತು. ಇಂದಿಗೂ ಬೇರೆಲ್ಲ ಉಪಕರಣಗಳ ಲೆಕ್ಕವನ್ನು ಈ ಉಪಕರಣದ ಮುಂದೆ ಇಟ್ಟೇ ತಾಳೆ ನೋಡುವುದು.

ಮುಂದೆ ಬಂದ ಉಪಕರಣಗಳನ್ನು ಬೇಗ ಹೇಳಿ ಮುಗಿಸಬಹುದು. 1972ರಲ್ಲಿ ಅಮೆರಿಕದ ಬರ್ನಾರ್ಡ್ ಗ್ರೋಲ್ಮನ್ ಮುಟ್ಟದೆ, ಗಾಳಿ ಊದಿ ಅಳೆಯುವ ಮಷೀನ್ ತಂದ. ಕಣ್ಣಿನ ಆಸ್ಪತ್ರೆಯ ಮೊದಲ ಕೋಣೆಯಲ್ಲಿ 'ಫುಸ್' ಎಂದು ಬೆಚ್ಚಿಬೀಳಿಸುವುದು ಅದೇ. ಫಿನ್ಲೆಂಡಿನಿಂದ ಬಂದ ಉಪಕರಣ ಹಗುರಾದ ಒಂದು ಕಡ್ಡಿಯನ್ನು ಕಣ್ಣಿಗೆ ತಾಗಿಸಿ ಅದು ಪುಟಿಯುವ ರೀತಿಯಿಂದ ಒತ್ತಡ ಹೇಳುತ್ತದೆ. ಹನಿ ಬೇಡ, ಮಕ್ಕಳೂ ಹೆದರುವುದಿಲ್ಲ, ಮನೆಯಲ್ಲೇ ನೋಡಿಕೊಳ್ಳುವ ಮಾದರಿಯೂ ಬಂದಿದೆ. ರಾತ್ರಿಯಿಡೀ ಏರಿಳಿತ ಬರೆದುಕೊಳ್ಳುವ ಕಾಂಟ್ಯಾಕ್ಟ್ ಲೆನ್ಸಿಗೆ 2016ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಇದು ಸಣ್ಣ ವಿಷಯವಲ್ಲ. ಕಣ್ಣಿನ ಒತ್ತಡ ದಿನವಿಡೀ ಒಂದೇ ಇರುವುದಿಲ್ಲ, ಮಲಗಿದಾಗ ಏರುತ್ತದೆ. ಹಗಲು ಹನ್ನೊಂದು ಗಂಟೆಗೆ ಒಪಿಡಿಯಲ್ಲಿ ಸಿಕ್ಕ ಅಂಕಿ ಬೆಳಗಿನ ಜಾವದ ಕಥೆ ಹೇಳುವುದಿಲ್ಲ.

ಅಂಕಿ ಸಿಕ್ಕಿತು. ಎಷ್ಟಿದ್ದರೆ ಸರಿ? 21ರ ಒಳಗಿದ್ದರೆ ಸರಿ ಎಂದು ಇಂದಿಗೂ ಜನ ಹೇಳುತ್ತಾರೆ. ಈ 21ಕ್ಕೆ ಆಧಾರವಾದದ್ದು 1958ರಲ್ಲಿ ಜರ್ಮನಿಯ ಲೈಡೆಕರ್ ಮತ್ತು ಸಂಗಡಿಗರು ಹತ್ತು ಸಾವಿರ ಆರೋಗ್ಯವಂತರ ಕಣ್ಣು ಅಳೆದ ಲೆಕ್ಕ. ಸರಾಸರಿ ಹದಿನೈದೂವರೆ ಬಂತು, ಅದರಾಚೆಗೆ ಸಂಖ್ಯಾಶಾಸ್ತ್ರದ ಪ್ರಕಾರ ಬಹುಪಾಲು ಜನ ಒಳಗೊಳ್ಳುವ ಗಡಿ 21ರ ಹತ್ತಿರ ಬಿತ್ತು. ಅದು ಜನರ ಲೆಕ್ಕ. ನರ ಎಲ್ಲಿ ಸಾಯುತ್ತದೆ ಎಂಬ ಲೆಕ್ಕ ಅದಲ್ಲ. ಆದರೂ ದಶಕಗಳ ಕಾಲ ಈ ಗಡಿಯನ್ನೇ ರೋಗದ ಗಡಿ ಎಂದು ನಂಬಿದರು.

ನಂಬಿಕೆಯನ್ನು ಎರಡೂ ಕಡೆಯಿಂದ ಅಲುಗಿಸಿದ ಸಂಶೋಧನೆಗಳಿವೆ. ಅಮೆರಿಕದ 22 ಕೇಂದ್ರಗಳಲ್ಲಿ ಒತ್ತಡ ಹೆಚ್ಚಿದ್ದು ನರ ಚೆನ್ನಾಗಿಯೇ ಇದ್ದ 1,636 ಜನರನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಹನಿ ಕೊಟ್ಟು, ಇನ್ನೊಂದನ್ನು ಸುಮ್ಮನೆ ಗಮನಿಸಿದರು. 2002ರಲ್ಲಿ ಫಲಿತಾಂಶ ಬಂತು. ಐದು ವರ್ಷದಲ್ಲಿ ಹನಿ ಹಾಕಿದವರಲ್ಲಿ ಶೇ 4.4, ಹಾಕದವರಲ್ಲಿ ಶೇ 9.5 ಮಂದಿಗೆ ಗ್ಲಾಕೋಮಾ ಕಾಣಿಸಿತು. ಹನಿಯಿಂದ ಅಪಾಯ ಅರ್ಧಕ್ಕಿಳಿಯಿತು, ನಿಜ. ಇನ್ನೊಂದು ಬದಿಯಿಂದ ನೋಡಿದರೆ, ಒತ್ತಡ ಹೆಚ್ಚಿದ್ದೂ ಔಷಧವಿಲ್ಲದೆ ಐದು ವರ್ಷ ಕಳೆದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಏನೂ ಆಗಲಿಲ್ಲ. ಜಪಾನಿನ ತಜಿಮಿ ಊರಿನ ಸಮೀಕ್ಷೆ ಇದಕ್ಕೆ ತಿರುವುಮುರುವು. ಅಲ್ಲಿ ತೆರೆದ ಕೋನದ ಗ್ಲಾಕೋಮಾ ಇದ್ದವರಲ್ಲಿ ಶೇ 92 ಮಂದಿಯ ಒತ್ತಡ 21 ದಾಟಿರಲೇ ಇಲ್ಲ.

ಅಮೆರಿಕದ ಆ ಅಧ್ಯಯನ ಇನ್ನೊಂದು ಗುಟ್ಟನ್ನೂ ಹೊರಗಿಟ್ಟಿತು. ಕಾರ್ನಿಯಾ ತೆಳ್ಳಗಿದ್ದವರಿಗೆ ರೋಗ ಬರುವ ಸಂಭವ ಹೆಚ್ಚು. ಗೋಲ್ಡ್‌ಮನ್ನನ ಲೆಕ್ಕ ನಿಂತಿದ್ದದ್ದು ಎಲ್ಲರ ಕಾರ್ನಿಯಾ ಸುಮಾರು ಅರ್ಧ ಮಿಲಿಮೀಟರ್ ದಪ್ಪ ಎಂಬ ಊಹೆಯ ಮೇಲೆ. ತೆಳುವಾದ ಕಾರ್ನಿಯಾ ಬೇಗ ಚಪ್ಪಟೆಯಾಗಿ ಒತ್ತಡವನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ದಪ್ಪದ್ದು ಹೆಚ್ಚು ತೋರಿಸುತ್ತದೆ. ಕನ್ನಡಕ ಬಿಡಲೆಂದು ಲೇಸರ್ ಮಾಡಿಸಿಕೊಂಡು ಕಾರ್ನಿಯಾ ತೆಳ್ಳಗಾದ ಸಾವಿರಾರು ತರುಣ ತರುಣಿಯರು ಬೆಂಗಳೂರಿನಲ್ಲಿದ್ದಾರೆ. ಮುಂದೆ ಯಾರಾದರೂ ಅವರ ಒತ್ತಡ ಅಳೆಯುವಾಗ, 'ನನಗೆ ಲೇಸರ್ ಆಗಿದೆ' ಎಂಬ ಒಂದು ಮಾತನ್ನು ಅವರು ಹೇಳಲೇಬೇಕು.

ಹಾಗಾದರೆ ಒತ್ತಡ ಇಳಿಸುವುದರಿಂದ ಲಾಭವೇನು ಎಂದು ಕೇಳಬಹುದು. ಲಾಭವಿದೆ. ಸ್ವೀಡನ್ನಿನ ಮಾಲ್ಮೋದಲ್ಲಿ 255 ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನದ ಪ್ರಕಾರ ಒತ್ತಡ ಒಂದೊಂದು ಮಿಲಿಮೀಟರ್ ಇಳಿದಂತೆ ರೋಗ ಮುಂದುವರಿಯುವ ಸಂಭವ ಸುಮಾರು ಶೇ 10ರಷ್ಟು ಕಡಿಮೆಯಾಗುತ್ತದೆ. ಒತ್ತಡ ಮಾಮೂಲಿಯಾಗಿದ್ದೂ ನರ ಸಾಯುತ್ತಿರುವವರಿಗೂ ಇಳಿಸುವುದರಿಂದ ಪ್ರಯೋಜನವಿದೆ. ನರವನ್ನು ನೇರವಾಗಿ ಬಲಪಡಿಸುವ ಔಷಧಕ್ಕಾಗಿ ಹುಡುಕಾಟ ನಡೆದಿದೆ. ಬಿ3 ಜೀವಸತ್ವ ಇಲಿಗಳ ದೃಷ್ಟಿನರವನ್ನು ಕಾಪಾಡಿತು ಎಂದು 2017ರಲ್ಲಿ ಅಮೆರಿಕದ ಜಾಕ್ಸನ್ ಪ್ರಯೋಗಾಲಯದವರು ತೋರಿಸಿದ ಮೇಲೆ ಮನುಷ್ಯರ ಮೇಲೂ ಪ್ರಯೋಗ ಶುರುವಾಗಿದೆ. ಅದು ಕೈಗೆ ಬರುವವರೆಗೆ ನಾವು ಬಗ್ಗಿಸಬಲ್ಲದ್ದು ಒತ್ತಡವೊಂದನ್ನೇ.

ಒತ್ತಡ ಇಳಿಸಿದ ಮೊದಲ ಹನಿಯ ಮೂಲ ಆಫ್ರಿಕಾದ ಕಲಬಾರ್ ಸೀಮೆಯ ಒಂದು ವಿಷದ ಬೀಜ. ಮಾಟ ಮಾಡಿದ ಆರೋಪ ಹೊತ್ತವರಿಗೆ ಅದನ್ನು ತಿನ್ನಿಸಿ, ಬದುಕಿದರೆ ನಿರ್ದೋಷಿ ಎನ್ನುತ್ತಿದ್ದರಂತೆ. ಅದರ ಸತ್ವವನ್ನು 1876ರಲ್ಲಿ ಗ್ಲಾಕೋಮಾಕ್ಕೆ ಬಳಸಿದ ಲುಡ್ವಿಗ್ ಲಾಕರ್ ಸ್ವತಃ ಗ್ಲಾಕೋಮಾ ರೋಗಿ. ಬಳಿಕ ಬ್ರೆಜಿಲ್ಲಿನ ಗಿಡದಿಂದ ಪೈಲೋಕಾರ್ಪಿನ್ ಬಂತು. 1978ರಲ್ಲಿ ಬಂದ ಟಿಮೊಲೋಲ್ ಕೆರೆಗೆ ಬರುವ ನೀರನ್ನೇ ಕಡಿಮೆ ಮಾಡಿತು. ಉಬ್ಬಸ ಇರುವವರಿಗೆ ಮಾತ್ರ ಅದು ಅಪಾಯಕಾರಿ, ಕಣ್ಣಿನ ಡಾಕ್ಟರಿಗೆ ದಮ್ಮಿನ ವಿಷಯ ಯಾಕೆ ಎಂದು ಸುಮ್ಮನಿರಬಾರದು.

ಇಂದು ಅಪ್ಪನಂಥ ಅಸಂಖ್ಯ ಮಂದಿ ರಾತ್ರಿ ಹಾಕಿಕೊಳ್ಳುವ ಲಟನೋಪ್ರಾಸ್ಟ್ ಹಿಂದೆ ಲಾಸ್ಲೋ ಬಿಟೋ ಎಂಬ ಹಂಗೆರಿಯ ವಲಸಿಗನ ಹಟವಿದೆ. 1956ರ ದಂಗೆಯ ನಂತರ ದೇಶ ಬಿಟ್ಟು ಅಮೆರಿಕ ಸೇರಿ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ನಿಂತವನು. ಪ್ರೋಸ್ಟಗ್ಲಾಂಡಿನ್ ಎಂದರೆ ಕಣ್ಣು ಕೆಂಪೇರಿಸಿ ಒತ್ತಡ ಏರಿಸುವ ವಸ್ತು ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ, ಸಣ್ಣ ಪ್ರಮಾಣದಲ್ಲಿ ಕೊಟ್ಟರೆ ಅದೇ ವಸ್ತು ಒತ್ತಡ ಇಳಿಸುತ್ತದೆ ಎಂದು ಪ್ರಾಣಿಗಳಲ್ಲಿ ತೋರಿಸಿದ. ತೂಬು ಕಟ್ಟಿದ್ದರೂ ನೀರು ಬೇರೆ ದಾರಿ ಹಿಡಿದು ಇಳಿಯುವಂತೆ ಅದು ಮಾಡುತ್ತದೆ. ಅದೇ ಬಗೆಯ ವಸ್ತುವಾದ ಲಟನೋಪ್ರಾಸ್ಟ್ 1996ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. ಆಮೇಲೆ ಬಿಟೋ ಹಂಗೆರಿಗೆ ಮರಳಿ ಕಾದಂಬರಿಗಳನ್ನು ಬರೆದ.

ಶಸ್ತ್ರಚಿಕಿತ್ಸೆಯ ಚರಿತ್ರೆಯಲ್ಲಿ ನಮ್ಮ ಪಕ್ಕದ ಮದರಾಸಿಗೆ ದೊಡ್ಡ ಪಾಲಿದೆ. 1819ರಲ್ಲಿ ಶುರುವಾಗಿ ಎಗ್ಮೋರಿನಲ್ಲಿ ಈಗಲೂ ನಡೆಯುತ್ತಿರುವ ಸರ್ಕಾರಿ ಕಣ್ಣಿನ ಆಸ್ಪತ್ರೆ ಜಗತ್ತಿನ ಅತಿ ಹಳೆಯ ಕಣ್ಣಿನ ಆಸ್ಪತ್ರೆಗಳಲ್ಲಿ ಒಂದು. ಅಲ್ಲಿ 1904ರಿಂದ 1914ರವರೆಗೆ ಮುಖ್ಯಸ್ಥನಾಗಿದ್ದ ರಾಬರ್ಟ್ ಹೆನ್ರಿ ಎಲಿಯಟ್, 1909ರಲ್ಲಿ ಬಿಳಿಗುಡ್ಡೆ ಮತ್ತು ಕಾರ್ನಿಯಾ ಸೇರುವ ಕಡೆ ದುಂಡನೆಯ ಸಣ್ಣ ರಂಧ್ರ ಕೊರೆದು ಒಳಗಿನ ನೀರಿಗೆ ಹೊಸ ಕೋಡಿ ಮಾಡಿಕೊಟ್ಟ. ಅವನ ಶಸ್ತ್ರಕ್ರಿಯೆ ಮದರಾಸಿನಿಂದ ಹೊರಟು ಜಗತ್ತಿನ ಕಣ್ಣಿನ ಆಸ್ಪತ್ರೆಗಳನ್ನೆಲ್ಲ ತಲುಪಿತು. ಕೋಡಿ ತೆರೆದೇ ಇದ್ದರೆ ಕೆರೆ ಬರಿದಾಗುವ ಭಯ, ಸೋಂಕಿನ ಭಯ ಎರಡೂ ಇದ್ದವು. 1968ರಲ್ಲಿ ಕೇಂಬ್ರಿಜ್ಜಿನ ಜಾನ್ ಕೇರ್ನ್ಸ್ ರಂಧ್ರದ ಮೇಲೆ ಕಣ್ಣಿನದೇ ಪದರದ ಮುಚ್ಚಳ ಉಳಿಸುವ ಕ್ರಮ ತಂದ. ಇಂದಿಗೂ ಮುಖ್ಯ ಶಸ್ತ್ರಕ್ರಿಯೆ ಅದೇ. ಅದೂ ಸಾಲದವರಿಗೆ ಕೊಳವೆ ಇಡುತ್ತಾರೆ. ವಿದೇಶಿ ಕೊಳವೆಯ ಬೆಲೆ ನಮ್ಮವರಿಗೆ ಎಟುಕುತ್ತಿರಲಿಲ್ಲ. ಮದುರೈನ ಅರವಿಂದ್ ಕಣ್ಣಿನ ಆಸ್ಪತ್ರೆಯ ಅಂಗವಾದ ಆರೋಲ್ಯಾಬ್ 2013ರಲ್ಲಿ ಕಡಿಮೆ ಬೆಲೆಯ ಕೊಳವೆ ತಯಾರಿಸಿತು.

ಹನಿಯ ಕಷ್ಟ ಹನಿ ಹಾಕಿದವರಿಗೇ ಗೊತ್ತು. ಪೊರೆಯ ಆಪರೇಷನ್ ಆದವರು ಪಟ್ಟಿ ಬಿಚ್ಚಿದ ಬೆಳಿಗ್ಗೆ ಮೊಮ್ಮಗುವಿನ ಮುಖ ನೋಡಿ ಕಣ್ಣೀರು ಹಾಕುತ್ತಾರೆ. ಡಾ. ಎಂ.ಸಿ. ಮೋದಿಯವರ ಶಿಬಿರಗಳು ಕರ್ನಾಟಕದ ಹಳ್ಳಿಹಳ್ಳಿಯ ನೆನಪಿನಲ್ಲಿ ಉಳಿದಿರುವುದು ಆ ಸಂತೋಷದಿಂದ. ಗ್ಲಾಕೋಮಾದ ಹನಿಗೆ ಅಂಥ ಬೆಳಗೇ ಇಲ್ಲ. ಉರಿಯುತ್ತದೆ, ಕಣ್ಣು ಕೆಂಪಾಗುತ್ತದೆ, ಸೀಸೆ ತಿಂಗಳಿಗೆ ಮುಗಿಯುತ್ತದೆ, ನೋಟ ಒಂದಿಷ್ಟೂ ಹೆಚ್ಚುವುದಿಲ್ಲ. ಅಮೆರಿಕದ ಒಂದು ಅಧ್ಯಯನದಲ್ಲಿ ಔಷಧ ಉಚಿತವಾಗಿ ಕೊಟ್ಟು, ಗಮನಿಸುತ್ತಿದ್ದೇವೆ ಎಂದು ಮೊದಲೇ ಹೇಳಿದ್ದರೂ, ಹತ್ತಿರಹತ್ತಿರ ಅರ್ಧದಷ್ಟು ರೋಗಿಗಳು ಹಾಕಬೇಕಾದ ಹನಿಯ ಮುಕ್ಕಾಲು ಪಾಲನ್ನೂ ಹಾಕಿರಲಿಲ್ಲ. ಬಿಟ್ಟವರನ್ನು ಬೈಯಲು ನನಗೆ ಮನಸ್ಸಾಗುವುದಿಲ್ಲ. ಅಪ್ಪನೂ ಮೊದಲ ಮೂರು ತಿಂಗಳಲ್ಲಿ ಎರಡು ಸಲ ಬಿಟ್ಟಿದ್ದರು. "ಹಾಕಿದ್ರೂ ಅಷ್ಟೇ ಕಾಣ್ತದೆ, ಬಿಟ್ರೂ ಅಷ್ಟೇ ಕಾಣ್ತದೆ" ಎಂದರು.

ಇದೇ ಕಾರಣಕ್ಕೆ ಲಂಡನ್ನಿನ ಮೂರ್‌ಫೀಲ್ಡ್ಸ್ ಕಣ್ಣಿನ ಆಸ್ಪತ್ರೆಯ ಗಸ್ ಗಝಾರ್ಡ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಮುಖ್ಯ ಅನ್ನಿಸುತ್ತದೆ. ಹೊಸದಾಗಿ ರೋಗ ಗೊತ್ತಾದ 718 ಜನರಲ್ಲಿ ಅರ್ಧದಷ್ಟು ಮಂದಿಗೆ ಹನಿ, ಉಳಿದವರಿಗೆ ತೂಬಿನ ಹೂಳು ತೆಗೆಯುವಂಥ ಲೇಸರ್. ಲೇಸರ್ ಆದವರ ಕಣ್ಣುಗಳಲ್ಲಿ ಸುಮಾರು ಮುಕ್ಕಾಲು ಭಾಗ ಮೂರು ವರ್ಷಗಳ ಬಳಿಕವೂ ಹನಿಯಿಲ್ಲದೆ ಗುರಿಯ ಒತ್ತಡದಲ್ಲಿದ್ದವು. ನೋವಿಲ್ಲದ, ಕೆಲವೇ ನಿಮಿಷಗಳ ಕೆಲಸ. ತಿಂಗಳು ತಿಂಗಳು ಪೇಟೆಗೆ ಬಸ್ ಹತ್ತಿ ಹನಿ ತರಬೇಕಾದ ಹಳ್ಳಿಯವರಿಗೆ ಇದನ್ನು ಮೊದಲೇ ಕೇಳಿ ನೋಡುವ ಹಕ್ಕಿದೆ.

ಮನೆಯಲ್ಲೇ ತಪ್ಪಿಸಬಹುದಾದ ಹಾನಿಯೂ ಇದೆ. ಕಣ್ಣು ತುರಿಸುತ್ತದೆ ಎಂದು ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ತಂದ ಸ್ಟೀರಾಯ್ಡ್ ಹನಿಯನ್ನು ತಿಂಗಳುಗಟ್ಟಲೆ ಹಾಕಿ ಮಕ್ಕಳು ಗ್ಲಾಕೋಮಾ ತಂದುಕೊಳ್ಳುತ್ತಾರೆ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ. ಇನ್ನು ಶೀರ್ಷಾಸನ. ಚೆನ್ನೈನ ಶಂಕರ ನೇತ್ರಾಲಯದವರು ಯೋಗಾಭ್ಯಾಸಿಗಳ ಕಣ್ಣು ಅಳೆದು ನೋಡಿದಾಗ ತಲೆಕೆಳಗಾಗಿ ನಿಂತಷ್ಟು ಹೊತ್ತು ಒತ್ತಡ ಎರಡು ಪಟ್ಟಾಗುತ್ತಿತ್ತು. ಗ್ಲಾಕೋಮಾ ಇರುವವರು ಆ ಒಂದು ಆಸನ ಬಿಡುವುದು ಒಳ್ಳೆಯದು.

ಭಾರತದಲ್ಲಿ ನಲವತ್ತು ದಾಟಿದವರಲ್ಲಿ ಒಂದು ಕೋಟಿ ಹನ್ನೆರಡು ಲಕ್ಷ ಮಂದಿಗೆ ಗ್ಲಾಕೋಮಾ ಇದೆ ಎಂದು 2010ರಲ್ಲಿ ಅಂದಾಜು ಮಾಡಿದ್ದರು. ತಮಿಳುನಾಡಿನ ದಕ್ಷಿಣದ ಜಿಲ್ಲೆಗಳ ಹಳ್ಳಿಗಳಲ್ಲಿ, ಹೈದರಾಬಾದಿನಲ್ಲಿ, ಚೆನ್ನೈ ಸುತ್ತಮುತ್ತ ನಡೆದ ಸಮೀಕ್ಷೆಗಳೆಲ್ಲ ಹೇಳಿದ್ದು ಒಂದೇ: ರೋಗವಿದ್ದ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನರಿಗೆ ತಮಗೆ ಅದು ಇದೆಯೆಂದೇ ಗೊತ್ತಿರಲಿಲ್ಲ. ನನ್ನನ್ನು ಚುಚ್ಚುವುದು ತಮಿಳುನಾಡಿನ ಹಳ್ಳಿಗಳ ಇನ್ನೊಂದು ಸಂಗತಿ. ರೋಗ ಪತ್ತೆಯಾದವರಲ್ಲಿ ಸುಮಾರು ಅರ್ಧದಷ್ಟು ಜನ ಹಿಂದೆ ಕಣ್ಣಿನ ವೈದ್ಯರ ಬಳಿ ಹೋಗಿ ಬಂದವರೇ. ಅವರಲ್ಲಿ ಹೆಚ್ಚಿನವರಿಗೆ ಆಗ ಯಾರೂ ಈ ಹೆಸರು ಹೇಳಿರಲಿಲ್ಲ. ಕಣ್ಣಿನ ಪಾಪೆ ಹಿಗ್ಗಿಸಿ ಹಿಂಬದಿಯ ನರ ನೋಡಿದ್ದರೆ ಗೊತ್ತಾಗುತ್ತಿತ್ತು. 'ಹಣ್ಣಾಗಲಿ' ಎಂಬ ಮಾತು ಪೊರೆಗೂ ಈಗ ಸಲ್ಲುವುದಿಲ್ಲ. ಪೊರೆ ಬಲಿಯುವವರೆಗೆ ಕಾಯುವ ಕಾಲ ಮುಗಿದು ಬಹಳ ವರ್ಷವಾಯಿತು. ಆದರೂ ಆ ಮಾತು ನಮ್ಮ ಊರುಗಳಲ್ಲಿ ಓಡಾಡಿಕೊಂಡೇ ಇದೆ.

ಅಪ್ಪನಿಗೆ ಬಂದರೆ ಮಕ್ಕಳಿಗೂ ಬರುವ ಸಂಭವ ಹೆಚ್ಚು. ನೆದರ್ಲೆಂಡ್ಸಿನ ರಾಟರ್‌ಡ್ಯಾಮ್ ಅಧ್ಯಯನದ ಪ್ರಕಾರ ಒಡಹುಟ್ಟಿದವರಿಗೆ, ಮಕ್ಕಳಿಗೆ ಅಪಾಯ ಸುಮಾರು ಒಂಬತ್ತು ಪಟ್ಟು. ನಾನು ಆಗಲೇ ತೋರಿಸಿಕೊಂಡೆ. ತಮ್ಮನನ್ನು ಒಪ್ಪಿಸಲು ಒಂದು ವರ್ಷ ಹಿಡಿಯಿತು. ಕೊಬ್ಬರಿ ಸುಲಿಯುವ ಕೆಲಸ ಮುಗಿದ ಮೇಲೆ ಕಳೆದ ಮಾರ್ಚಿನಲ್ಲಿ ಬಂದ. ವೈದ್ಯೆ ಹಸಿರು ಅರ್ಧವೃತ್ತಗಳನ್ನು ಕೂಡಿಸಿ, ಎರಡೂ ಕಣ್ಣಿಗೆ ಹದಿನಾರು ಎಂದರು. ಅವನು ಅಷ್ಟಕ್ಕೇ ಎದ್ದು ನಿಂತ. "ಹದಿನಾರು ಅಂದ್ರಲ್ಲ ಅಣ್ಣ, ನಾರ್ಮಲ್ಲು. ಇನ್ನೇನು, ಸಂಜೆ ಬಸ್ಸು ಸಿಗುತ್ತೆ."

"ಕೂತ್ಕೊಳ್ಳಿ, ಇನ್ನೂ ಮೂರು ಕೆಲಸ ಇದೆ" ಎಂದರು ವೈದ್ಯೆ. ಕಾರ್ನಿಯಾದ ದಪ್ಪ ಅಳೆದರು. ಕನ್ನಡಿಯಿರುವ ಲೆನ್ಸ್ ಇಟ್ಟು ಕೋನ ನೋಡಿದರು. ಕೊನೆಗೆ ಅವನನ್ನು ಕತ್ತಲ ಕೋಣೆಯಲ್ಲಿ ಬಿಳಿಯ ಬಟ್ಟಲಿನಂಥ ಮಷೀನಿನ ಮುಂದೆ ಕೂರಿಸಿ, ಗಲ್ಲ ಇಡಿಸಿ, ಕೈಗೆ ಒಂದು ಗುಂಡಿ ಕೊಟ್ಟರು. ನಡುವಿನ ಚುಕ್ಕೆ ಬಿಟ್ಟು ಕಣ್ಣು ಆಡಿಸಬಾರದು, ಅಂಚಿನಲ್ಲಿ ಎಲ್ಲಾದರೂ ಬೆಳಕು ಮಿನುಗಿದರೆ ಒತ್ತಬೇಕು. ಬಾಗಿಲ ಹೊರಗೆ ಅಪ್ಪನೂ ನಾನೂ ಬೆಂಚಿನ ಮೇಲೆ ಕೂತೆವು. ಒಳಗಿನಿಂದ ಗುಂಡಿಯ ಸದ್ದು ಬರುತ್ತಿತ್ತು, ಟಕ್, ಟಕ್. ನಡುವೆ ಒಮ್ಮೆ ಸದ್ದು ನಿಂತರೆ ಅಪ್ಪ ತಲೆ ಎತ್ತುತ್ತಿದ್ದರು. ಮತ್ತೆ ಟಕ್ ಎಂದಾಗ ಉಸಿರು ಬಿಡುತ್ತಿದ್ದರು.